ತೊಗಟೆ ಇದ್ದರೆ ವರ್ಷ ಗ್ಯಾರಂಟಿ

ಪ್ರೀತಿಯ ಗೆಳೆಯಾ,

ಆಲ್ಪ್ಸ್ ಸುತ್ತಲಿನ ಸರೋವರಗಳಲ್ಲಿ ಸಾವಿರಾರು ವರ್ಷ ಹಿಂದೆ ಮನೆ ಕಟ್ಟಲು ನೆಟ್ಟ ಮರದ ಗೂಟಗಳ ಬಗ್ಗೆ, ಅವುಗಳ ವರ್ಷ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದ್ದೆಯಲ್ಲ, ಉತ್ತರ ಇಲ್ಲಿದೆ. ನಿನಗೊಬ್ಬನಿಗೇ ಕಳಿಸಿದರೆ ಓದುವವನಲ್ಲ ನೀನು. ನಾಲ್ಕು ಜನ ನೋಡುತ್ತಿದ್ದರೆ ಮರ್ಯಾದೆಗಾದರೂ ಓದುತ್ತೀಯ ಅಂತ ಎಲ್ಲರೆದುರೇ ಹಾಕಿದ್ದೇನೆ. ಹೆಗಲ ಮೇಲಿಂದ ಇಣುಕುತ್ತಿರುವವರಿಗೂ ನಮಸ್ಕಾರ. "ಸೌದೆ ಶಾಸ್ತ್ರ" ಅಂತ ಒಂದು ಸಲ ನಕ್ಕುಬಿಡು, ಆಮೇಲೆ ಮುಂದಕ್ಕೆ ಹೋಗೋಣ.

ಮೊದಲು ನಿನ್ನ ತಲೆಯಲ್ಲಿರುವ ಚಿತ್ರ ಅಳಿಸು. ನೀರಿನ ನಡುವೆ ದೊಡ್ಡ ಅಟ್ಟ, ಅಟ್ಟದ ಮೇಲೆ ಊರು ಎನ್ನುವುದು 1854ರ ಚಿತ್ರ. ಆ ಚಳಿಗಾಲ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರು ಇಳಿದು ಓಬರ್‌ಮೈಲೆನ್‌ನಲ್ಲಿ ಸಾಲುಸಾಲು ಗೂಟ ಕಂಡಾಗ ಪುರಾತತ್ವಜ್ಞ ಫರ್ಡಿನಾಂಡ್ ಕೆಲ್ಲರ್ ಹಾಗೆ ಊಹಿಸಿದ. ಮುಂದಿನ ನೂರು ವರ್ಷ ಶಾಲೆಯ ಗೋಡೆಗಳ ಮೇಲೆಲ್ಲ ಅದೇ. ಈಗ ಗೊತ್ತಿರುವುದು ಬೇರೆ. ಇಟಲಿಯ ಫಿಯಾವೆಯಂಥ ಕೆಲವು ಕಡೆ ನಿಜಕ್ಕೂ ನೀರಿನ ಮೇಲೆ ಮನೆಗಳಿದ್ದವು. ಉಳಿದ ಕಡೆ ಬಹಳಷ್ಟು ಊರುಗಳು ದಡದ ಜೌಗಿನಲ್ಲಿದ್ದವು. ಜರ್ಮನಿ-ಸ್ವಿಟ್ಜರ್ಲೆಂಡ್ ಗಡಿಯ ಕಾನ್‌ಸ್ಟನ್ಸ್ ಸರೋವರದಲ್ಲಿ ಚಳಿಗಾಲದ ಕೊನೆಗೆ ನೀರು ತೀರಾ ಕಡಿಮೆ. ಆಲ್ಪ್ಸ್‌ನ ಹಿಮ ಕರಗಿ ಬೇಸಿಗೆಗೆ ಒಂದೂವರೆ-ಎರಡು ಮೀಟರ್ ಏರುತ್ತದೆ. ಮನೆಯ ನೆಲವನ್ನು ಕಂಬದ ಮೇಲೆ ಎತ್ತರಿಸಿದ್ದು ಅದಕ್ಕೇ. ಗೂಟ ಇಳಿಸಲು ಸುತ್ತಿಗೆಯೂ ಬೇಕಿಲ್ಲ. ತಳದ ಸುಣ್ಣದ ಕೆಸರು ಅಷ್ಟು ಮೆತ್ತಗೆ. ಚೂಪು ಮಾಡಿದ ಮರವನ್ನು ನಿಲ್ಲಿಸಿ, ಅಡ್ಡಕೋಲು ಕಟ್ಟಿ, ಇಬ್ಬರು ಮೂವರು ಅತ್ತಿತ್ತ ತಿರುವುತ್ತಿದ್ದರೆ ಒಂದೆರಡು ಮೀಟರ್ ತಾನಾಗಿ ಇಳಿಯುತ್ತದೆ. ತೊಂದರೆ ಬರುವುದು ಆಮೇಲೆ: ಭಾರಕ್ಕೆ ಕಂಬ ಇನ್ನೂ ಇಳಿಯುತ್ತಲೇ ಇರುತ್ತದೆ. ಕಂಚಿನ ಯುಗದವರು ತೂತು ಕೊರೆದ ಹಲಗೆಯನ್ನು ಕಂಬದ ಬುಡಕ್ಕೆ ತೊಡಿಸಿ ಅದನ್ನು ತಡೆದರು.

ಈಗ ನಿನ್ನ ಅಸಲು ಪ್ರಶ್ನೆ, ವರ್ಷ ಹೇಗೆ ಗೊತ್ತಾಗುತ್ತದೆ ಎಂಬುದು. ಗೂಟದಿಂದ ಅಡ್ಡಡ್ಡ ಒಂದು ಬಿಲ್ಲೆ ಕೊಯ್ಯಬೇಕು. ಮರ ಒದ್ದೆಯಿರುವಾಗಲೇ ಬ್ಲೇಡಿನಿಂದ ಹೆರೆದು, ಮರ ವರ್ಷಕ್ಕೊಂದರಂತೆ ಬೆಳೆಸುವ ಉಂಗುರದ ಅಗಲವನ್ನು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆದು, ಆ ಏರಿಳಿತವನ್ನು ವರ್ಷ ಗೊತ್ತಿರುವ ಉಂಗುರಗಳಿಂದ ಈಗಾಗಲೇ ಸಿದ್ಧವಿರುವ ಸರಣಿಯ ಜೊತೆ ಕೂಡಿಸಿ ನೋಡಬೇಕು. ಐವತ್ತಕ್ಕಿಂತ ಕಡಿಮೆ ಉಂಗುರವಿದ್ದರೆ ನಂಬಬೇಡ, ಎಲ್ಲಿ ಬೇಕಾದರೂ ಕೂರುತ್ತದೆ. ಎಳೆ ಗೂಟಗಳು ಕೈಕೊಡುವುದು ಅಲ್ಲೇ. ಓಕ್ ಮರದಲ್ಲಿ ಚೇಗಿನ, ಅಂದರೆ ಒಳಗಿನ ಗಟ್ಟಿ ತಿರುಳಿನ, ಸುತ್ತಲಿನ ಬಿಳಿ ಮರ ಮೊದಲು ಕೊಳೆಯುತ್ತದೆ. ಅದು ಹೋಯಿತೋ, ಇಪ್ಪತ್ತರ ಆಸುಪಾಸು ಉಂಗುರ ಹೋಯಿತು, ಉಳಿದದ್ದು ಅಂದಾಜು. ತೊಗಟೆ ಅಂಟಿಕೊಂಡಿದ್ದರೆ ಮಾತ್ರ ಕಡಿದ ವರ್ಷ ಗ್ಯಾರಂಟಿ. ಕೊನೆಯ ಉಂಗುರ ಪೂರ್ತಿಯಾಗಿದ್ದರೆ ಕೊಡಲಿ ಬಿದ್ದದ್ದು ಚಳಿಗಾಲದಲ್ಲಿ ಎಂಬುದೂ ಸೇರಿ.

ಸ್ವಿಟ್ಜರ್ಲೆಂಡಿನ ಆರ್ಬೋನ್-ಬ್ಲೈಖೆ 3 ಎಂಬ ಹಳ್ಳಿಯ ಆಯಸ್ಸು ಹೀಗೇ ಸಿಕ್ಕಿದ್ದು. ಮೊದಲ ಮನೆ ಎದ್ದದ್ದು ಕ್ರಿ.ಪೂ. 3384ರಲ್ಲಿ. ಇಡೀ ಊರು ಸುಟ್ಟದ್ದು 3370ರಲ್ಲಿ. ಯಾವ ಮನೆಯ ಪಕ್ಕ ಯಾವ ಮನೆ, ಯಾವ ವರ್ಷ ಎದ್ದಿತು ಎಂದು ಬರೆದಿಡಬಹುದು. ಆಮೇಲೆ ಆ ಪದರದ ಮೇಲೆ ನೀರು ಹತ್ತಿ ಮರಳು ಮುಚ್ಚಿತು. ಗಾಳಿ ಸೋಕದ ಕಡೆ ಕೊಳೆಸುವ ಜೀವಿಗಳಿಗೆ ಕೆಲಸವಿಲ್ಲ. ನಮ್ಮ ಬಳ್ಳಾರಿ ಕಡೆಯ ಕುಡತಿನಿಯ ಬೂದಿದಿಬ್ಬದಲ್ಲಿ ಹಟ್ಟಿಯ ಸಗಣಿ ಬೂದಿಯಾಗಿ ಉಳಿದಿದೆ. ಆರ್ಬೋನ್‌ನಲ್ಲಿ ಸಗಣಿ ಸಗಣಿಯಾಗಿಯೇ ಉಳಿದಿದೆ, ನೊಣದ ಕೋಶದ ಚಿಪ್ಪಿನ ಸಮೇತ. 0.35 ಮಿಲಿಮೀಟರ್ ಜರಡಿಯಲ್ಲಿ ನೀರು ಬಿಟ್ಟು ತೊಳೆದರೆ ಗಸಗಸೆ, ಅಗಸೆ, ಜವೆಗೋಧಿಯ ಹೊಟ್ಟು ಎಲ್ಲ ಬರುತ್ತದೆ. ಆದರೆ ಸುಣ್ಣದ ನೀರಿಗೆ ಉಣ್ಣೆ ಉಳಿಯುವುದಿಲ್ಲ, ನಾರು ಉಳಿಯುತ್ತದೆ. ಹಾಗಾಗಿ ಮ್ಯೂಸಿಯಮ್ಮಿನಲ್ಲಿ ಅವರೆಲ್ಲ ವರ್ಷವಿಡೀ ನಾರುಬಟ್ಟೆ ಉಟ್ಟವರ ಹಾಗೆ ಕಾಣುತ್ತಾರೆ. ಮರವೂ ನೋಡಲು ಗಟ್ಟಿ, ಮುಟ್ಟಿದರೆ ಚಹಾದಲ್ಲಿ ಅದ್ದಿದ ರಸ್ಕು. ಒಳಗಿನ ಸೆಲ್ಯುಲೋಸ್ ಬಹುಪಾಲು ಹೋಗಿ ಆ ಜಾಗದಲ್ಲಿ ನೀರು ನಿಂತಿರುತ್ತದೆ. ಬಿಸಿಲಿಗಿಟ್ಟರೆ ಸೀಳಿ, ಸೊಟ್ಟಗಾಗಿ, ಮತ್ತೆ ಸರಿಹೋಗುವುದಿಲ್ಲ. ನೀರಿನ ಜಾಗ ತುಂಬುವ ಮೇಣದಂಥ ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು, ಆಮೇಲೆ ಹೆಪ್ಪುಗಟ್ಟಿಸಿ ಒಣಗಿಸಬೇಕು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇತ್ತೀಚೆಗೆ ಒಂದು ವಿಷಯ ಕಾಡುತ್ತಿದೆ ಮಾರಾಯ. ಬೆಂಕಿ ಬಿದ್ದ ಪದರವೆಂದರೆ ನಮಗೆಲ್ಲ ಹಬ್ಬ. ಸುಟ್ಟ ಊರಿನಲ್ಲಿ ನೆಲ ಕುಸಿದು, ಮಡಕೆ ಇಟ್ಟ ಜಾಗದಲ್ಲೇ ಬೀಳುತ್ತದೆ, ಧಾನ್ಯ ಕರಿದಾಗಿ ಉಳಿಯುತ್ತದೆ. ಕಾನ್‌ಸ್ಟನ್ಸ್ ಸರೋವರದ ದಡದ ಹೋರ್ನ್‌ಸ್ಟಾಡ್‌ನಲ್ಲಿ ಕ್ರಿ.ಪೂ. 3910ರ ಸುಮಾರಿನ ಬೆಂಕಿಯಿಂದ ಮನೆಮನೆಯ ದಾಸ್ತಾನೇ ಸಿಕ್ಕಿತು. ಗಂಟುಮೂಟೆ ಕಟ್ಟಿಕೊಂಡು ನೆಮ್ಮದಿಯಾಗಿ ಹೊರಟ ಊರುಗಳಲ್ಲಿ ಏನೂ ಇಲ್ಲ, ಮುರಿದದ್ದು, ಎಸೆದದ್ದು ಬಿಟ್ಟು. ಅಂಥ ಊರುಗಳನ್ನು ನಾನು ಬೋರು ಅಂತ ಬದಿಗಿಡುತ್ತೇನೆ. ಆರ್ಬೋನ್ 3370ರಲ್ಲಿ ಸುಟ್ಟಿತು ಎಂಬ ಸಾಲು ಓದಿದಾಗ ಮೊದಲು ಆದದ್ದು ಸಂತೋಷ. ಮೊದಲ ಮನೆ ಎದ್ದ ವರ್ಷ ಹುಟ್ಟಿದ ಕೂಸಿಗೆ ಬೆಂಕಿಯ ಹೊತ್ತಿಗೆ ಹದಿನಾಲ್ಕು ಅಂತ ಹೊಳೆದದ್ದು ಆಮೇಲೆ, ಅದೂ ಲೆಕ್ಕದ ಚಟಕ್ಕೆ. ಮನುಷ್ಯರ ಜೊತೆಗೂ ನಾನು ಹೀಗೇನಾ ಅಂತ ಅನುಮಾನ. ನಿನಗೆ ಎಲ್ಲ ಸರಿಯಿದ್ದ ವರ್ಷಗಳಲ್ಲಿ ನಾನು ಏನನ್ನೂ ಕೇಳಲಿಲ್ಲ. ಕಷ್ಟ ಬಂದ ಮೇಲೆ ತಾರೀಖು ಸಮೇತ ವಿಚಾರಿಸಿದೆ.

ಸರಿ ಬಿಡು. ಗೂಟದ ಲೆಕ್ಕಕ್ಕೆ ಕೂತವನು ವೇದಾಂತ ಶುರುಮಾಡಿದರೆ ಮೇಷ್ಟ್ರು ಹೇಳುತ್ತಿದ್ದದ್ದು ನಿನಗೆ ನೆನಪಿದೆ, ಇಲ್ಲಿ ಬರೆಯುವ ಹಾಗಿಲ್ಲ.

ಹಾಂ, ಒಂದು ಬಾಕಿಯಿದೆ. ಆರ್ಬೋನ್‌ನ ಮಲದ ಮಾದರಿಗಳಲ್ಲಿ ಮೀನಿನಿಂದ ಬರುವ ಲಾಡಿಹುಳದ ಮೊಟ್ಟೆ ಸಿಕ್ಕಿದೆ. ಸಿಹಿನೀರಿನ ಮೀನನ್ನು ಹಸಿಯಾಗಿಯೋ ಅರೆಬೆಂದದ್ದನ್ನೋ ತಿಂದವರಿಗೆ ಬರುವಂಥದ್ದು. ಆದ್ದರಿಂದ ನಿನ್ನ "ಐದೇ ನಿಮಿಷ ಸಾಕು" ಮೀನುಸಾರಿಗೆ ಈ ಸಲ ನಾನಿಲ್ಲ. ಬೈಯುವುದಿದ್ದರೆ ಫೋನ್ ಮಾಡಿ ಬೈ, ಎಲ್ಲರೆದುರು ಬೇಡ.

ನಿನ್ನ,
ಸೌದೆ ಶಾಸ್ತ್ರಿ