ಗೋ-ಲೈವ್ ಆಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಕೊನೆಗೂ ಹೊಸ ಬಿಲ್ಲಿಂಗ್ ಸಿಸ್ಟಮ್ ಲೈವ್ ಆಯ್ತು. ಹಳೇ ಸರ್ವರ್ ಆಫ್ ಮಾಡಿದೀವಿ, ಬಿಲ್ ಎಲ್ಲಾ ಸರಿಯಾಗಿ ಹೋಗ್ತಿದೆ, ಫೋನ್ ಸುಮ್ನಿದೆ. ಎಲ್ರೂ ಕಂಗ್ರಾಟ್ಸ್ ಹೇಳ್ತಿದೀರ, ಖುಷಿ ಆಗ್ತಿದೆ, ಆದ್ರೆ ಈ ಪ್ರಾಜೆಕ್ಟ್ ಮಧ್ಯದಲ್ಲೇ ಕೈಬಿಡೋ ಸ್ಥಿತಿಗೆ ಬಂದಿತ್ತು ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ, ಅದು ದಡ ಸೇರಿದ್ದು ನಮ್ಮ ಲೀಡ್ ಮೇಡಂ ಇದ್ದಿದ್ರಿಂದ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ.

ಟ್ರಯಲ್ ರನ್ ರಾತ್ರಿ ಒಂದಷ್ಟು ಗ್ರಾಹಕರಿಗೆ ಎರಡೆರಡು ಬಿಲ್ ಹೋಯ್ತು. ಕಾಲ್‌ನಲ್ಲಿ ಮೇಲಿನವರೆಲ್ಲ ಇದ್ರು, ಬಂದ ಮೊದಲನೇ ಪ್ರಶ್ನೆನೇ "ಇದು ಯಾರ ಕೆಲಸ?" ಅಂತ. ನಾವೆಲ್ಲ ಮ್ಯೂಟ್. ಮೇಡಂ ಮಾತ್ರ "ನನ್ನ ಟೀಮು, ಅಂದ್ಮೇಲೆ ನಂದೇ ಅಂತ ಬರ್ಕೊಳ್ಳಿ, ಈಗ ರೋಲ್‌ಬ್ಯಾಕ್ ಮಾಡಿ ಹಳೇ ಸಿಸ್ಟಮ್‌ಗೆ ವಾಪಸ್ ಹೋಗ್ತೀವಿ, ಕಾರಣ ನಾಳೆ ಹೇಳ್ತೀನಿ" ಅಂದ್ರು, ಅಷ್ಟೇ. ಬೆಳಗ್ಗೆ ಎಲ್ರಿಗೂ ಒಂದು ಡಾಕ್ಯುಮೆಂಟ್ ಶೇರ್ ಮಾಡಿದ್ರು. ಅದರ ತಲೇಲಿ ಬರೆದಿದ್ದು ಇಷ್ಟೇ: ಇಲ್ಲಿ ಯಾರ ಹೆಸರೂ ಬರಬಾರ್ದು, ಎಷ್ಟು ಹೊತ್ತಿಗೆ ಏನಾಯ್ತು, ಯಾವ ಚೆಕ್ ಇದ್ದಿದ್ರೆ ತಡೀಬಹುದಿತ್ತು, ಅದನ್ನ ಬರೀರಿ. ಸಂಜೆಯೊಳಗೆ ಪುಟಗಟ್ಟಲೆ ತುಂಬ್ತು! ಬಿಲ್ ಕಳಿಸೋ ಜಾಬ್ ಟೈಮ್‌ಔಟ್ ಆದ್ರೆ, ಅಂದ್ರೆ ಕೊಟ್ಟ ಟೈಮಲ್ಲಿ ಮುಗೀದಿದ್ರೆ, ತಾನಾಗೇ ಮತ್ತೆ ರನ್ ಆಗ್ತಿತ್ತು, ಬಿಲ್ ಆಗ್ಲೇ ಹೋಗಿದ್ಯಾ ಅಂತ ಕೋಡ್ ಎಲ್ಲೂ ನೋಡ್ತಾನೇ ಇರ್ಲಿಲ್ಲ, ಈ ಕಾರಣಾನ ಡಾಕ್ಯುಮೆಂಟಲ್ಲಿ ಬರೆದಿದ್ದು ಟೀಮ್‌ಗೆ ಹೊಸದಾಗಿ ಬಂದ ಹುಡುಗಿ. ಹಿಂದಿನ ವಾರನೇ ಡೌಟ್ ಬಂದಿತ್ತಂತೆ, ಹೇಳಕ್ಕೆ ಹೆದರಿದ್ಲಂತೆ. ಮೇಡಂ ಅವಳಿಗೆ ಬೈಲಿಲ್ಲ, "ನಿಂಗೆ ಯಾಕೆ ಹೆದರಿಕೆ ಆಯ್ತು ಅನ್ನೋದನ್ನೂ ಅದರಲ್ಲೇ ಸೇರ್ಸು" ಅಂದ್ರು. ನನಗೆ ಇವರ ಮೇಲೆ ಗೌರವ ಬಂದಿದ್ದು ಆ ಮಾತಿಗೆ, ಹಿಂದಿನ ರಾತ್ರಿ ಕಾಲ್‌ಗಿಂತಾನೂ ಜಾಸ್ತಿ.

ಆಮೇಲೆ ಇದರ ಬಗ್ಗೆ ಓದ್ತಾ ಹೋದಾಗ ಗೊತ್ತಾಗಿದ್ದು, ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ಟೀಮ್‌ಗಳನ್ನ ಸ್ಟಡಿ ಮಾಡಿದಾಗ, ಒಳ್ಳೇ ಟೀಮ್‌ಗಳಲ್ಲಿ ಔಷಧಿ ಕೊಡೋದ್ರಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದ್ಕೊಂಡಿದ್ರಂತೆ, ಲೆಕ್ಕ ನೋಡಿದ್ರೆ ಉಲ್ಟಾ, ಅಲ್ಲೇ ಜಾಸ್ತಿ. ಯಾಕಂದ್ರೆ ಅಲ್ಲಿ ಜನ ಮುಚ್ಚಿಡ್ತಿರ್ಲಿಲ್ಲ, ಬಾಯಿಬಿಟ್ಟು ಹೇಳ್ತಿದ್ರು. ನಮ್ಮಲ್ಲೂ ಹಂಗೇ ಆಯ್ತು, ಆ ಡಾಕ್ಯುಮೆಂಟ್ ಆದ್ಮೇಲೆ ದಿನಾ ಬರೋ ಕೆಟ್ಟ ಸುದ್ದಿ ಏಕ್‌ದಮ್ ಜಾಸ್ತಿ ಆಯ್ತು, ಮೇಲಿನವರು ಗಾಬರಿ ಬಿದ್ರು, ಮೇಡಂಗೆ ಮಾತ್ರ ಖುಷಿ.

ಇನ್ನೊಂದು ವಿಷ್ಯ, ಟೆಕ್ನಿಕಲ್ ಆಗಿ ಮೇಡಂಗಿಂತ ಜೋರಾಗಿರೋರು ನಮ್ಮ ಟೀಮಲ್ಲೇ ಇದಾರೆ, ಅದನ್ನ ಅವರೇ ಹೇಳ್ತಾರೆ. ಗೂಗಲ್ ತನ್ನ ಮ್ಯಾನೇಜರ್‌ಗಳ ಬಗ್ಗೆ ಪ್ರಾಜೆಕ್ಟ್ ಆಕ್ಸಿಜನ್ ಅಂತ ಒಂದು ಸ್ಟಡಿ ಮಾಡಿದಾಗ ಒಳ್ಳೇ ಮ್ಯಾನೇಜರ್‌ಗಳಲ್ಲಿ ಮೊದಲು ಸಿಕ್ಕ 8 ಗುಣಗಳ ಪಟ್ಟೀಲೂ ಟೆಕ್ನಿಕಲ್ ಸ್ಕಿಲ್ ಕೊನೇದು, ಹೇಳಿಕೊಟ್ಟು ಬೆಳೆಸೋದು ಮೊದಲ್ನೇದು. ಹಂಗಂತ ಮೇಡಂ ದೇವರೇನಲ್ಲ, ಮೇಲ್‌ಗೆ ರಿಪ್ಲೈ ಬರೋಷ್ಟ್ರಲ್ಲಿ ಪ್ರಶ್ನೆನೇ ಮರ್ತೋಗಿರುತ್ತೆ, ಮೀಟಿಂಗ್ ಟೈಮ್‌ಗೆ ಮುಗಿದ ಇತಿಹಾಸ ಇಲ್ಲ.

ಟೆಸ್ಟಿಂಗ್‌ನವರಿಗೆ, ರಾತ್ರಿ ಪಾಳಿ ಸಪೋರ್ಟ್‌ನವರಿಗೆ, ಬಯ್ಯೋ ಗ್ರಾಹಕರ ಜೊತೆ ತಾಳ್ಮೆಯಿಂದ ಮಾತಾಡಿದ ಕಾಲ್ ಸೆಂಟರ್‌ನ ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿಮ್ಮ ಹೆಸರು ಯಾವ ಸ್ಲೈಡಲ್ಲೂ ಬರಲ್ಲ ಅನ್ನೋದು ಬೇಜಾರು. ಮನೇಲಿ ನನ್ನನ್ನ ಸಹಿಸ್ಕೊಂಡೋರಿಗೂ. ಮೇಡಂ, ಇದನ್ನ ನೀವು ಓದ್ತೀರ ಅಂತ ಗೊತ್ತು. ಮನಸಾರೆ ಧನ್ಯವಾದ. ಸೋಮವಾರದಿಂದ ನಾನು ರಜೆ, ಲ್ಯಾಪ್‌ಟಾಪ್ ಆನ್ ಮಾಡಲ್ಲ, ಅಪ್ರೂವಲ್ ಕೇಳಿ ಕಳಿಸಿರೋ ಮೇಲ್ ಸ್ವಲ್ಪ ನೋಡಿ.