ಶುಗರ್ ಮಾತ್ರೆ ಬಿಡೋ ಮುಂಚೆ ಇದನ್ನ ಓದಿ

ಎಲ್ರಿಗೂ ನಮಸ್ಕಾರ, ಈ ವಾರ ಗ್ರೂಪಲ್ಲಿ ಮೂರು ಜನ ಶುಗರ್ ನಾರ್ಮಲ್ ಬಂತು ಮಾತ್ರೆ ನಿಲ್ಲಿಸ್ದೆ ಅಂತ ಹಾಕಿದ್ರಿ, ದಯವಿಟ್ಟು ಡಾಕ್ಟ್ರನ್ನ ಕೇಳ್ದೆ ಹಂಗೆ ಮಾಡ್ಬೇಡಿ, ಎಷ್ಟೋ ಸಲ ನಾರ್ಮಲ್ ಬಂದಿರೋದೇ ಮಾತ್ರೆಯಿಂದ. ಬೈತಿಲ್ಲ, ಕಷ್ಟ ಗೊತ್ತು, ನೋವಿಲ್ಲ ಉರಿಯಿಲ್ಲ ಅಂದ್ಮೇಲೆ ಕಾಯಿಲೆ ಇದೆ ಅಂತಾನೇ ಅನ್ಸಲ್ಲ. ನಮ್ಮಮ್ಮ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಗೊಂಡ್ರೆ ಹೊಟ್ಟೆ ಕೆಡುತ್ತೆ ಅಂತ ಸ್ಟ್ರಿಪ್ಪನ್ನ ಸಾಸಿವೆ ಡಬ್ಬಿ ಹಿಂದೆ ಬಚ್ಚಿಟ್ಟು, ಕೇಳಿದ್ರೆ ತಗೊಂಡೆ ಕಣೋ ಅಂತಿದ್ರು. ಡಾಕ್ಟ್ರಿಗೆ ಹೇಳಿದ್ಮೇಲೆ ನಿಧಾನಕ್ಕೆ ಕರಗೋ ಎಸ್‌ಆರ್ ಮಾತ್ರೆ ಬರ್ಕೊಟ್ರು, ಊಟದ ಜೊತೆ ತಗೋತಾರೆ, ಈಗ ತೊಂದ್ರೆ ಇಲ್ಲ. ದುಡ್ಡಿನ ಸಮಸ್ಯೆ ಇದ್ರೆ ಡಾಕ್ಟ್ರು ಬರ್ದ ಚೀಟಿ ತಗೊಂಡು ಜನೌಷಧಿ ಕೇಂದ್ರಕ್ಕೆ ಹೋಗಿ, ಅದೇ ಔಷಧಿ ಕಮ್ಮಿ ರೇಟಿಗೆ ಸಿಗುತ್ತೆ. ಇನ್ಸುಲಿನ್ ಅಂದ್ರೆ ಕೊನೆ ಸ್ಟೇಜ್ ಅಂತ ಹೆದರ್ಬೇಡಿ. ಯಾರಾದ್ರೂ ಮಾತ್ರೆ ಬಿಟ್ಟಿದ್ರೆ ನಂಗೆ ಪರ್ಸನಲ್ಲಾಗಿ ಮೆಸೇಜ್ ಮಾಡಿ, ಡಾಕ್ಟ್ರ ಹತ್ರ ಜೊತೆಗೆ ಬರ್ತೀನಿ.