ಪರದೆಯ ಫೋಟೊ ಅಲ್ಲ, ಅದರ ಪಕ್ಕದ ಅಂಕಿ ನೋಡಿ

ಮಾನ್ಯ ಸಂಪಾದಕರೇ,

ವಿಶ್ವ ಛಾಯಾಗ್ರಹಣ ದಿನದ (ಆಗಸ್ಟ್ 19) ಪುರವಣಿಯಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ಕೊಟ್ಟಿರುವ ಸಲಹೆಗಳಲ್ಲಿ ಒಂದಕ್ಕೆ ನಮ್ಮ ತಕರಾರಿದೆ. ಫೋಟೊ ತೆಗೆದ ಕೂಡಲೇ ಹಿಂದಿನ ಪರದೆಯಲ್ಲಿ ನೋಡಿಕೊಂಡು, ಚೆನ್ನಾಗಿ ಬಾರದ್ದನ್ನು ಅಲ್ಲೇ ಅಳಿಸಿಬಿಡಿ ಎಂದು ಅದರಲ್ಲಿ ಹೇಳಿದೆ. ನೋಡುವುದು ಸರಿ, ಅಳಿಸುವುದು ತಪ್ಪು. ಅದಕ್ಕಿಂತ ಮುಖ್ಯವಾಗಿ, ಪರದೆಯಲ್ಲಿ ಏನನ್ನು ನೋಡಬೇಕು ಎಂಬುದೇ ಲೇಖನದಲ್ಲಿಲ್ಲ. ದಸರಾ, ಯಕ್ಷಗಾನ ಮೇಳಗಳ ತಿರುಗಾಟ, ಮದುವೆ ಸೀಸನ್ ಎಲ್ಲವೂ ಮುಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲು ಪರದೆಯ ವಿಷಯ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಫೋಟೊ 6000 ಅಗಲ, 4000 ಎತ್ತರದ ಪಿಕ್ಸೆಲ್‌ಗಳದ್ದು. ಹಿಂದಿನ ಮೂರಿಂಚಿನ ಪರದೆಗೆ 10.4 ಲಕ್ಷ ಡಾಟ್ ಎಂದು ಬಾಕ್ಸಿನ ಮೇಲೆ ಬರೆದಿದ್ದರೆ, ಒಂದು ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂದು ಮೂರು ಡಾಟ್ ಲೆಕ್ಕ. ಅಂದರೆ ನಿಜಕ್ಕೂ 720ಕ್ಕೆ 480 ಪಿಕ್ಸೆಲ್. ನಿಮ್ಮ ಫೋಟೊದ ಸುಮಾರು 70 ಪಿಕ್ಸೆಲ್ಲಿಗೆ ಒಂದರಂತೆ ಅಲ್ಲಿ ಕಾಣುತ್ತದೆ. ಅಷ್ಟು ಕುಗ್ಗಿಸಿದರೆ ಶೇಕ್ ಆದದ್ದೂ ಶಾರ್ಪ್ ಆಗಿಯೇ ತೋರುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಮುಖ ಕಲಸಿಹೋಗಿರುವುದಕ್ಕೆ ಲೆನ್ಸಿನ ಮೇಲೆ ಸಿಟ್ಟಾಗುವವರು ಬಹಳ. ತಪ್ಪು ಹೆಚ್ಚಿನ ಸಲ ಲೆನ್ಸಿನದಲ್ಲ.

ಬೆಳಕಿನ ವಿಷಯದಲ್ಲೂ ಪರದೆ ನಂಬಿಕೆಗೆ ಅರ್ಹವಲ್ಲ. ರಾತ್ರಿಯ ಯಕ್ಷಗಾನದ ಆಟದಲ್ಲಿ ಕತ್ತಲಿಗೆ ಕಣ್ಣು ಹೊಂದಿಕೊಂಡಿರುತ್ತದೆ. ಆಗ ಪರದೆ ಝಗ್ಗೆನ್ನುತ್ತದೆ, ಫೋಟೊ ಅಂಡರ್ (ಬೆಳಕು ಕಡಿಮೆ) ಆಗಿದ್ದರೂ ತಿಳಿಯುವುದಿಲ್ಲ, ಪ್ರಿಂಟ್ ಹಾಕಿಸಿದಾಗ ಕಪ್ಪಾಗಿ ಬರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇದಕ್ಕೆ ತಿರುಗುಮುರುಗು: ಸರಿಯಾದ ಫೋಟೊವೇ ಮಂಕಾಗಿ ಕಂಡು, ನೋಡಿದವರು ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಏರಿಸಿ ಕೆಡಿಸಿಕೊಳ್ಳುತ್ತಾರೆ. ಪರದೆಯ ಬ್ರೈಟ್‌ನೆಸ್ ‘ಆಟೊ’ದಲ್ಲಿದ್ದರೆ ತೆಗೆದು ನಡುಮಟ್ಟಕ್ಕೆ ನಿಲ್ಲಿಸಿ. ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಬಿಸಿಲಿನಲ್ಲಿ ವ್ಯೂಫೈಂಡರಿಗೆ ಕಣ್ಣಿಟ್ಟೇ ಪ್ಲೇಬ್ಯಾಕ್ (ತೆಗೆದ ಫೋಟೊ) ನೋಡಬಹುದು. ಆ ಅನುಕೂಲ ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ.

ಹಾಗಾದರೆ ನಂಬಬೇಕಾದ್ದು ಯಾವುದನ್ನು? ಕ್ಯಾಮೆರಾ ಪ್ರತಿ ಫೋಟೊದ ಜೊತೆಗೂ ಬರೆದಿಡುವ ಮಾಹಿತಿಯನ್ನು. ಅದು ತಾನಾಗಿ ಕಾಣುವುದಿಲ್ಲ, ತೆರೆಸಬೇಕು. ಪ್ಲೇಬ್ಯಾಕ್ ಬಟನ್ ಒತ್ತಿ ಫೋಟೊ ತಂದುಕೊಂಡ ಮೇಲೆ ಕ್ಯಾನನ್‌ನಲ್ಲಿ ‘ಇನ್ಫೋ’, ಸೋನಿಯಲ್ಲಿ ‘ಡಿಸ್ಪ್’ ಬಟನ್ ಒತ್ತುತ್ತ ಹೋದರೆ ಒಂದೊಂದೇ ಪುಟ ಬರುತ್ತದೆ. ನಿಕಾನ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ ಮಲ್ಟಿ ಸೆಲೆಕ್ಟರಿನ ಮೇಲೆ-ಕೆಳಗೆ ಒತ್ತಬೇಕು. ನಿಕಾನ್ ಬಳಸುವವರ ಸಾಮಾನ್ಯ ದೂರು, ಎಷ್ಟು ಒತ್ತಿದರೂ ಹಿಸ್ಟೋಗ್ರಾಮ್ (ಫೋಟೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಯಾವ ಬೆಳಕು ಎಷ್ಟಿದೆ ಎಂದು ಗುಡ್ಡದಂತೆ ತೋರಿಸುವ ನಕ್ಷೆ) ಬರುವುದಿಲ್ಲ ಎಂಬುದು. ಪ್ಲೇಬ್ಯಾಕ್ ಮೆನುವಿನ ‘ಪ್ಲೇಬ್ಯಾಕ್ ಡಿಸ್‌ಪ್ಲೇ ಆಪ್ಷನ್ಸ್’ ಒಳಗೆ ಹೈಲೈಟ್ಸ್ (ಅತಿ ಬೆಳಕಾದ ಭಾಗ), ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ) ಹಿಸ್ಟೋಗ್ರಾಮ್, ಶೂಟಿಂಗ್ ಡೇಟಾ, ಫೋಕಸ್ ಪಾಯಿಂಟ್ ಇವುಗಳಿಗೆ ಟಿಕ್ ಹಾಕಿ ಓಕೆ ಕೊಟ್ಟರೆ ಆ ಪುಟಗಳು ಸಿಗುತ್ತವೆ. ಕ್ಯಾನನ್‌ನಲ್ಲಿ ‘ಹೈಲೈಟ್ ಅಲರ್ಟ್’ ಅನ್ನು ಪ್ಲೇಬ್ಯಾಕ್ ಮೆನುವಿನಲ್ಲಿ ಆನ್ ಮಾಡಬೇಕು. ಹಿಸ್ಟೋಗ್ರಾಮನ್ನು ‘ಬ್ರೈಟ್‌ನೆಸ್’ನಿಂದ ‘ಆರ್‌ಜಿಬಿ’ಗೆ ಬದಲಿಸಬೇಕು. ತೆಗೆದ ತಕ್ಷಣ ತಾನಾಗಿ ಮೂಡುವ ಚಿತ್ರ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸೆಕೆಂಡ್ ಮಾತ್ರ ಇರುತ್ತದೆ. ಅದರಲ್ಲಿ ಏನೂ ಓದಲಾಗುವುದಿಲ್ಲ, ಪ್ಲೇಬ್ಯಾಕ್ ಬಟನ್ನೇ ಒತ್ತಿ.

ಹಿಸ್ಟೋಗ್ರಾಮಿನಲ್ಲಿ ಎಡತುದಿ ಪೂರಾ ಕಪ್ಪು (0), ಬಲತುದಿ ಪೂರಾ ಬಿಳಿ (255). ಗುಡ್ಡ ನಡುವೆ ಇರಬೇಕು ಎಂದು ಯೂಟ್ಯೂಬಿನಲ್ಲಿ ಹೇಳಿಕೊಡುವುದುಂಟು. ಅದನ್ನು ಮರೆಯುವುದು ಒಳ್ಳೆಯದು. ಕಂಬಳದ ಕೋಣ ಫ್ರೇಮ್ ತುಂಬ ಇದ್ದರೆ ಗುಡ್ಡ ಎಡಕ್ಕೇ ಇರಬೇಕು. ನಡುವಿಗೆ ಬಂದಿದೆಯೆಂದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕಪ್ಪನ್ನು ಬೂದಿ ಬಣ್ಣಕ್ಕೆ ಎತ್ತಿದೆ ಎಂದರ್ಥ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ ಬೆಳಕನ್ನು ಏರಿಳಿಸುವ ಸೆಟ್ಟಿಂಗ್) ಮೈನಸ್ 1ಕ್ಕೆ ತಂದು ಇನ್ನೊಂದು ತೆಗೆಯಿರಿ. ಬಿಳಿ ಪಂಚೆ, ಬಿಳಿ ಶರ್ಟಿನ ಮದುಮಗನಿಗೆ ಇದರ ವಿರುದ್ಧ, ಪ್ಲಸ್ ಕಡೆಗೆ ಹೋಗಬೇಕು. ನೋಡಬೇಕಾದ್ದು ಗುಡ್ಡದ ಆಕಾರವನ್ನಲ್ಲ, ಬಲಗೋಡೆಗೆ ಅದು ಒತ್ತಿ ನಿಂತಿದೆಯೇ ಎಂಬುದನ್ನು. ಒತ್ತಿ ನಿಂತಿದ್ದರೆ ಆ ಭಾಗದಲ್ಲಿ ವಿವರ ಸತ್ತಿದೆ. ಹೈಲೈಟ್ ಪುಟದಲ್ಲಿ ಅದೇ ಜಾಗ ಕಪ್ಪು-ಬಿಳಿಯಾಗಿ ಮಿನುಗುತ್ತದೆ. ಮಿನುಗಿದ್ದೆಲ್ಲ ದೋಷವೂ ಅಲ್ಲ. ಮೈಸೂರು ಅರಮನೆಯ ದೀಪಾಲಂಕಾರ ತೆಗೆದರೆ ಬಲ್ಬುಗಳೆಲ್ಲ ಮಿನುಗುತ್ತವೆ, ಮಿನುಗಲಿ. ಬಲ್ಬುಗಳ ನಡುವಿನ ಗೋಡೆ, ಕಮಾನು ಮಿನುಗಿದರೆ ಮಾತ್ರ ಎಕ್ಸ್‌ಪೋಶರ್ ಇಳಿಸಿ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಕೆಂಪು ಬಣ್ಣದಲ್ಲಿ. ಒಂದೇ ಬಿಳಿ ಗುಡ್ಡವಾಗಿ ಕಾಣುವ ಬ್ರೈಟ್‌ನೆಸ್ ಹಿಸ್ಟೋಗ್ರಾಮಿನಲ್ಲಿ ಮೂರು ಬಣ್ಣಗಳಿಗೂ ಸಮಪಾಲಿಲ್ಲ. ಸಾಮಾನ್ಯ ಸೂತ್ರದಲ್ಲಿ ಹಸಿರಿಗೆ ಸುಮಾರು ಶೇ 59, ಕೆಂಪಿಗೆ ಶೇ 30, ನೀಲಿಗೆ ಶೇ 11. ಹೀಗಾಗಿ ಕೆಂಪು ಪೂರ್ತಿ 255ಕ್ಕೆ ಹೋಗಿ ಬರ್ನ್ ಆಗಿದ್ದು (ವಿವರ ಸತ್ತು) ಉಳಿದೆರಡು ಸೊನ್ನೆಯಾಗಿದ್ದರೆ, ಬ್ರೈಟ್‌ನೆಸ್ ಲೆಕ್ಕದಲ್ಲಿ ಅದು ಬರೀ 76. ಹಿಸ್ಟೋಗ್ರಾಮಿನ ಎಡ ಮೂರನೇ ಒಂದು ಭಾಗದಲ್ಲಿ ತಣ್ಣಗೆ ಕೂತಿರುತ್ತದೆ, ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಬಣ್ಣದ ವೇಷದ ಕೆಂಪು ಬಟ್ಟೆ, ಮದುವೆಯ ಕೆಂಪು ರೇಷ್ಮೆ ಸೀರೆ, ದಾಸವಾಳದ ಹಾರ, ಕುಂಕುಮದ ರಾಶಿ ಇವುಗಳ ನೆರಿಗೆ, ನೇಯ್ಗೆ, ಎಸಳು ಮಾಯವಾಗಿ ಒಂದೇ ಕೆಂಪು ಮುದ್ದೆಯಾಗುವುದು ಇದರಿಂದಲೇ. ರಂಗಸ್ಥಳಕ್ಕೆ ಹಾಕುವ ನೀಲಿ ಎಲ್‌ಇಡಿ ಇನ್ನೂ ಕಷ್ಟದ್ದು: ಬರೀ ನೀಲಿ ಬರ್ನ್ ಆದರೆ ಬ್ರೈಟ್‌ನೆಸ್ ಲೆಕ್ಕ 29ಕ್ಕೆ ನಿಲ್ಲುತ್ತದೆ. ಆದ್ದರಿಂದ ಆರ್‌ಜಿಬಿ ಪುಟವನ್ನೇ ನೋಡಬೇಕು. ಮೂರು ಗುಡ್ಡಗಳಲ್ಲಿ ಕೆಂಪು ಒಂದೇ ಬಲಗೋಡೆ ಹತ್ತಿದ್ದರೆ ಮೂರನೇ ಎರಡು ಸ್ಟಾಪಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ ಮತ್ತೆ ತೆಗೆದು, ಮತ್ತೆ ಅದೇ ಪುಟ ನೋಡಿ. ಮುಖ ಸ್ವಲ್ಪ ಕಪ್ಪಾದರೆ ಆಮೇಲೆ ಎತ್ತಬಹುದು. ಜೆಪೆಗ್‌ನಲ್ಲಿ ಹೋದ ನೆರಿಗೆಯನ್ನು ವಾಪಸ್ ತರಲಾಗುವುದಿಲ್ಲ.

ರಾ ಫೈಲಿನಲ್ಲಿ (ಸೆನ್ಸರಿನ ಮಾಹಿತಿಯನ್ನು ಸಂಸ್ಕರಿಸದೆ ಇಡುವ ಫೈಲ್) ತೆಗೆಯುವವರಿಗೆ ಒಂದು ತಿದ್ದುಪಡಿ. ರಾ ತೆಗೆದರೂ ಪರದೆಯ ಚಿತ್ರ, ಹಿಸ್ಟೋಗ್ರಾಮ್, ಮಿನುಗು ಮೂರೂ ಬರುವುದು ಫೈಲಿನೊಳಗಿನ ಪುಟ್ಟ ಜೆಪೆಗ್‌ನಿಂದ. ಪಿಕ್ಚರ್ ಸ್ಟೈಲ್ ‘ವಿವಿಡ್’ನಲ್ಲಿದ್ದರೆ ಕಾಂಟ್ರಾಸ್ಟ್, ಬಣ್ಣ ಎರಡೂ ಏರಿ, ರಾ ಒಳಗೆ ಬರ್ನ್ ಆಗದ್ದೂ ಬರ್ನ್ ಎಂದು ತೋರಿಸುತ್ತದೆ. ‘ನ್ಯೂಟ್ರಲ್’ ಇಟ್ಟುಕೊಂಡರೆ ಹಿಸ್ಟೋಗ್ರಾಮ್ ವಾಸ್ತವಕ್ಕೆ ಹತ್ತಿರವಿರುತ್ತದೆ. ಪರದೆಯಲ್ಲಿ ಫೋಟೊ ಸಪ್ಪೆ ಕಾಣುತ್ತದೆ ಎಂದು ಪಕ್ಕದವರು ಹೇಳಿದರೆ ಹೇಳಲಿ. ಇನ್ನೊಂದು ವಿಷಯ: ಕೆಲವು ಕ್ಯಾಮೆರಾಗಳು, ಮುಖ್ಯವಾಗಿ ಹಳೆಯ ಸೋನಿಗಳು, ರಾ ಒಳಗೆ ತೀರಾ ಸಣ್ಣ ಜೆಪೆಗ್ ಇಡುತ್ತವೆ. ಜೂಮ್ ಮಾಡಿದರೆ ಎಲ್ಲವೂ ಫೋಕಸ್ ಔಟ್ ಆದಂತೆ ಕಂಡು ಗಾಬರಿಯಾಗುತ್ತದೆ. ಅಂಥದರಲ್ಲಿ ರಾ ಜೊತೆ ದೊಡ್ಡ ಜೆಪೆಗ್ ಕೂಡ ತೆಗೆಯುವುದೇ ದಾರಿ.

ಶಾರ್ಪ್‌ನೆಸ್ ನೋಡುವುದಕ್ಕೆ ಶೇ 100ರ ಜೂಮ್ ಬೇಕು, ಅದೂ ಫೋಕಸ್ ಕೂತ ಜಾಗಕ್ಕೆ. ಭೂತಗನ್ನಡಿಯ ಬಟನ್ನನ್ನು ಏಳೆಂಟು ಸಲ ಒತ್ತಿ, ಆಮೇಲೆ ಬಾಣದ ಗುರುತಿನಿಂದ ಕಣ್ಣು ಹುಡುಕುವಷ್ಟರಲ್ಲಿ ಮೆರವಣಿಗೆ ಮುಂದೆ ಹೋಗಿರುತ್ತದೆ. ನಿಕಾನ್‌ನ ಮಧ್ಯಮ, ಮೇಲ್ದರ್ಜೆ ಕ್ಯಾಮೆರಾಗಳಲ್ಲಿ ಓಕೆ ಬಟನ್ನಿಗೇ ಪ್ಲೇಬ್ಯಾಕ್ ಜೂಮ್ ಕೊಡಬಹುದು. ಕ್ಯಾನನ್‌ನ ಮೇಲಿನ ಮಾದರಿಗಳಲ್ಲಿ ಮ್ಯಾಗ್ನಿಫಿಕೇಶನ್ ಮೆನುವಿನಲ್ಲಿ ‘ಆಕ್ಚುಯಲ್ ಸೈಜ್’ ಎಂದು ಆಯ್ದರೆ ಒಂದೇ ಒತ್ತಿಗೆ ಫೋಕಸ್ ಪಾಯಿಂಟಿಗೆ ಹೋಗುತ್ತದೆ. ಸೋನಿಯಲ್ಲಿ ದೊಡ್ಡದು ಮಾಡುವ ಆರಂಭದ ಜಾಗವನ್ನು ‘ಫೋಕಸ್ಡ್ ಪೊಸಿಶನ್’ ಎಂದು ಇಡಬೇಕು.

ದೊಡ್ಡದು ಮಾಡಿದಾಗ ಕಲಸಿರುವುದು ಕಂಡರೆ, ಯಾವ ಬಗೆಯ ಕಲಸು ಎಂದು ಗುರುತಿಸಬೇಕು. ಫ್ರೇಮಿನ ಎಲ್ಲ ದೀಪದ ಚುಕ್ಕೆಗಳೂ ಒಂದೇ ದಿಕ್ಕಿಗೆ ಗೆರೆಯಾಗಿ ಎಳೆದಿದ್ದರೆ ಕೈ ಅಲುಗಿದೆ. ರಂಗಸ್ಥಳದ ಹಿನ್ನೆಲೆಯ ಬಟ್ಟೆಪರದೆ ಶಾರ್ಪ್, ವೇಷಧಾರಿಯ ಕೈ-ಕಿರೀಟ ಮಾತ್ರ ಎಳೆದಿದ್ದರೆ ಅವರು ಚಲಿಸಿದ್ದಾರೆ. ಕಣ್ಣು ಮಬ್ಬು, ಕಿವಿ ಅಥವಾ ಹಿಂದಿನ ಕಂಬ ಶಾರ್ಪ್ ಇದ್ದರೆ ಫೋಕಸ್ ತಪ್ಪಿದೆ. ಇಷ್ಟು ಗೊತ್ತಾದ ಮೇಲೆ ಶೂಟಿಂಗ್ ಡೇಟಾ ಪುಟಕ್ಕೆ ಬನ್ನಿ. ಎಪಿಎಸ್-ಸಿ ಸೆನ್ಸರಿನಲ್ಲಿ (ಫುಲ್‌ಫ್ರೇಮ್‌ಗಿಂತ ಸಣ್ಣದು) 200 ಎಂಎಂ ಲೆನ್ಸಿಗೆ ಶಟರ್ 1/60 (ಸೆಕೆಂಡಿನ ಅರವತ್ತನೇ ಒಂದು ಭಾಗ) ಎಂದಿದ್ದರೆ ಕೈ ಅಲುಗಿದ್ದರಲ್ಲಿ ಆಶ್ಚರ್ಯವಿಲ್ಲ. ಕೈ ಅಲುಗುವುದನ್ನು ಸರಿದೂಗಿಸುವ ಸ್ಟೆಬಿಲೈಸೇಶನ್ ಇಲ್ಲದಿದ್ದರೆ ಅಲ್ಲಿ 1/320 ಆದರೂ ಬೇಕು. ವೇಷಧಾರಿ ಧಿಗಿಣ (ಯಕ್ಷಗಾನದ ಹಾರಿ ಸುತ್ತುವ ಕುಣಿತ) ಹೊಡೆಯುವಾಗ ಹಿಡಿದು ನಿಲ್ಲಿಸುವುದಕ್ಕೆ 1/800 ಬೇಕು, ಇಲ್ಲಿ ಸ್ಟೆಬಿಲೈಸೇಶನ್ ಎಷ್ಟಿದ್ದರೂ ಉಪಯೋಗವಿಲ್ಲ. ಶಟರ್ ಸಾಕಷ್ಟಿದ್ದೂ ಮಬ್ಬಾಗಿದ್ದರೆ ಫೋಕಸ್ ಪಾಯಿಂಟ್ ಪುಟ ನೋಡಿ. ಆದರೆ ಆ ಚೌಕವನ್ನು ಕಣ್ಣುಮುಚ್ಚಿ ಒಪ್ಪಬಾರದು. ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ಸರಿಸಿ ಫ್ರೇಮ್ ಮಾಡಿದ್ದರೆ, ಚೌಕ ತೋರಿಸುವುದು ಸರಿಸಿದ ನಂತರ ಅದು ಬಿದ್ದ ಜಾಗವನ್ನು. ಫೋಕಸ್ ಹಿಡಿದ ಜಾಗ ಬೇರೆಯೇ ಆಗಿರುತ್ತದೆ.

ಕಲ್ಯಾಣ ಮಂಟಪಗಳಲ್ಲಿ ಈಗ ಹೆಚ್ಚಾಗಿ ಕೇಳಿಬರುವ ದೂರು ಅಡ್ಡ ಪಟ್ಟೆಗಳದ್ದು. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ 1/250, 1/500 ಇದ್ದರೆ ಒಂದು ಫೋಟೊದಲ್ಲಿ ಪಟ್ಟೆ, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ಕತ್ತಲು. ಒಂದೇ ಫೋಟೊ ನೋಡಿದರೆ ಇದು ತಿಳಿಯುವುದಿಲ್ಲ. ಒಂದೇ ಕಡೆ ನಿಂತು ಐದಾರು ತೆಗೆದು, ಡಯಲ್ ತಿರುಗಿಸುತ್ತ ಒಂದರ ಹಿಂದೊಂದು ನೋಡಿ. ಸೆಟ್ಟಿಂಗ್ ಒಂದೇ ಇದ್ದೂ ಬೆಳಕು ಬದಲಾದರೆ 1/100 ಅಥವಾ 1/50ಕ್ಕೆ ಇಳಿಯಿರಿ. ಆಂಟಿ-ಫ್ಲಿಕರ್ ಇದ್ದರೆ ಆನ್ ಮಾಡಿ.

ಶೂಟಿಂಗ್ ಡೇಟಾ ಪುಟದಲ್ಲಿ ಇನ್ನೂ ಎರಡು ಅಂಕಿಗಳ ಮೇಲೆ ಕಣ್ಣಾಡಿಸಿದರೆ ಸಾಕು. ಒಂದು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿದಷ್ಟೂ ಫೋಟೊದಲ್ಲಿ ಕಾಳುಕಾಳು). ಆಟೊದಲ್ಲಿ ಅದು ಸದ್ದಿಲ್ಲದೆ 12800ಕ್ಕೆ ಏರಿರಬಹುದು. ಆಟೊ ಐಎಸ್‌ಒ ಬಳಸಿದ್ದರೆ ನಿಕಾನ್ ಅದನ್ನು ಕೆಂಪಕ್ಷರದಲ್ಲಿ ತೋರಿಸುತ್ತದೆ. ಇನ್ನೊಂದು ಎಕ್ಸ್‌ಪೋಶರ್ ಕಾಂಪೆನ್ಸೇಶನ್. ಹಿಂದಿನ ಸಂಜೆ ಇಟ್ಟ ಮೈನಸ್ 1.3 ಎಷ್ಟೋ ಕ್ಯಾಮೆರಾಗಳಲ್ಲಿ ಆಫ್ ಮಾಡಿದರೂ ಹಾಗೇ ಇರುತ್ತದೆ.

ಈಗ ಅಳಿಸುವ ಮಾತು. ಮೇಲೆ ಹೇಳಿದಂತೆ ಮೂರಿಂಚಿನಲ್ಲಿ ತೀರ್ಪು ಕೊಡಲಾಗುವುದಿಲ್ಲ ಎಂಬುದೊಂದು ಕಾರಣ. ರಾ ಮತ್ತು ಜೆಪೆಗ್ ಒಟ್ಟಿಗೆ ತೆಗೆದಿದ್ದರೆ ಹೆಚ್ಚಿನ ಕ್ಯಾಮೆರಾಗಳು ಒಂದೇ ಒತ್ತಿಗೆ ಎರಡನ್ನೂ ಅಳಿಸುತ್ತವೆ. ಗಡಿಬಿಡಿಯಲ್ಲಿ ‘ಡಿಲೀಟ್ ಆಲ್’ ಮೇಲೆ ಕೈ ಹೋಗುವುದೂ ಅಪರೂಪವಲ್ಲ. ಜಾಗ ಸಾಲದೆಂದರೆ ಇನ್ನೊಂದು ಕಾರ್ಡ್ ಇಟ್ಟುಕೊಳ್ಳಿ. ಚೆನ್ನಾಗಿ ಬಂದದ್ದಕ್ಕೆ ಬೀಗದ ಗುರುತು (ಪ್ರೊಟೆಕ್ಟ್) ಹಾಕಿದರೆ ‘ಡಿಲೀಟ್ ಆಲ್’ ಅದನ್ನು ಮುಟ್ಟುವುದಿಲ್ಲ. ಆದರೆ ಫಾರ್ಮ್ಯಾಟ್ ಮಾಡಿದರೆ ಬೀಗ ಹಾಕಿದ್ದೂ ಹೋಗುತ್ತದೆ. ತಪ್ಪಿ ಅಳಿಸಿದರೆ ಆ ಕಾರ್ಡಿಗೆ ಇನ್ನೊಂದೂ ಫೋಟೊ ತೆಗೆಯದೆ ಹೊರತೆಗೆದು ಎತ್ತಿಡಿ. ಹಳೆಯ ಮಾಹಿತಿ ಅದರ ಮೇಲೆ ಹೊಸದು ಬರೆಯುವವರೆಗೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ, ಫೋಟೋರೆಕ್‌ನಂಥ ಉಚಿತ ತಂತ್ರಾಂಶದಿಂದ ಕಂಪ್ಯೂಟರಿನಲ್ಲಿ ಎತ್ತಬಹುದು.

ದಿನಾಂಕ, ವೇಳೆಯನ್ನೂ ಒಮ್ಮೆ ನೋಡಿ. ಕ್ಯಾಮೆರಾದ ಗಡಿಯಾರಕ್ಕೆ ಒಳಗೆ ಬೇರೆಯೇ ಪುಟ್ಟ ಬ್ಯಾಟರಿಯಿದ್ದು, ಅದು ದೊಡ್ಡ ಬ್ಯಾಟರಿಯಿಂದ ಚಾರ್ಜ್ ಆಗುತ್ತದೆ. ತಿಂಗಳುಗಟ್ಟಲೆ ಬ್ಯಾಟರಿ ತೆಗೆದಿಟ್ಟರೆ ಅದೂ ಬರಿದಾಗಿ ಗಡಿಯಾರ ಮೊದಲಿಗೆ ಹೋಗುತ್ತದೆ. ವಿಮೆ, ಬೆಳೆಹಾನಿ, ಅಪಘಾತದ ಫೋಟೊಗಳಲ್ಲಿ ತಪ್ಪು ವರ್ಷ ಕಾಣಿಸಿಕೊಂಡರೆ ಸುಮ್ಮನೆ ತಗಾದೆ. ವಿದೇಶದಿಂದ ತರಿಸಿದ ಕ್ಯಾಮೆರಾದಲ್ಲಿ ಟೈಮ್ ಝೋನ್ 5.30ಕ್ಕೆ ಇದೆಯೇ ನೋಡಿ. ಇಬ್ಬರು ಒಂದೇ ಮದುವೆ ತೆಗೆಯುತ್ತಿದ್ದರೆ, ಶುರುವಿನಲ್ಲಿ ಎರಡೂ ಕ್ಯಾಮೆರಾಗಳಿಂದ ಒಂದೇ ಮೊಬೈಲಿನ ಗಡಿಯಾರದ ಫೋಟೊ ತೆಗೆದಿಡಿ. ಆಮೇಲೆ ವ್ಯತ್ಯಾಸ ಕಳೆದು ಕಾಲಕ್ರಮಕ್ಕೆ ಜೋಡಿಸಬಹುದು.

ಕೊನೆಗೆ ಪತ್ರಿಕೆಗೆ ಒಂದು ವಿನಂತಿ. ಓದುಗರ ಫೋಟೊಗಳಿಗೆ ಎಕ್ಸಿಫ್ (ಕ್ಯಾಮೆರಾ ಫೈಲಿನಲ್ಲೇ ಬರೆದಿಡುವ) ಮಾಹಿತಿ ಕಡ್ಡಾಯ ಎನ್ನುತ್ತೀರಿ, ಕಳಿಸಲು ವಾಟ್ಸ್‌ಆ್ಯಪ್ ಸಂಖ್ಯೆ ಕೊಡುತ್ತೀರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅಳತೆ ಕುಗ್ಗುವುದಲ್ಲದೆ ಶಟರ್, ಐಎಸ್‌ಒ, ದಿನಾಂಕದ ಎಲ್ಲ ದಾಖಲೆಯೂ ಕಳಚಿಹೋಗುತ್ತದೆ. ಅದೇ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಸೇರಿಸಿದರೆ, ಇಲ್ಲವೇ ಇಮೇಲಿಗೆ ಲಗತ್ತಿಸಿದರೆ ಉಳಿಯುತ್ತದೆ. ಪ್ರಕಟಣೆಯಲ್ಲಿ ಈ ಒಂದು ಸಾಲು ಸೇರಿಸಿ. ಬಂಡೀಪುರ, ನಾಗರಹೊಳೆಯಲ್ಲಿ ತೆಗೆದ ಹುಲಿ ಅಥವಾ ಹಕ್ಕಿಗೂಡಿನ ಫೋಟೊಗಳಾದರೆ, ಫೈಲಿನಲ್ಲಿ ಜಿಪಿಎಸ್ ಸ್ಥಳ ದಾಖಲಾಗಿದ್ದಲ್ಲಿ ನಿಮ್ಮ ಜಾಲತಾಣಕ್ಕೆ ಏರಿಸುವ ಮುನ್ನ ಅದನ್ನು ನೀವೇ ತೆಗೆಸಿರಿ.

— ಹವ್ಯಾಸಿ ಛಾಯಾಗ್ರಾಹಕರ ಬಳಗದ ಪರವಾಗಿ, ಶಿವಮೊಗ್ಗ